ಗವಿರಂಗ ತೂಗುಕುರ್ಚಿಗೆ ತೂಕ ಹಾಕಿದ್ದು

ಏ, ಆ ಫೋನು ಕೆಳಗಿಡ್ರೋ! ಕತೆ ಬೇಕು ಅಂದೋರೂ ನೀವೇ, ಫೋನಲ್ಲಿ ಮುಖ ತೂರಿಸಿ ಕೂತೋರೂ ನೀವೇ. ನಾನು ಹೇಳ್ತಾ ಹೋಗ್ತೀನಿ, ನೀವು ಹ್ಞೂಂ ಅಂತಾ ಬರಬೇಕು. ಹ್ಞೂಂ ನಿಂತರೆ ಕತೆಯೂ ನಿಂತ ಹಾಗೆ.

ಬುತ್ತಿಕಲ್ಲು ಬೆಟ್ಟ ಅಂತ ಒಂದು ಬೆಟ್ಟ. ಬರೀ ಬಂಡೆ. ಅದರ ಬುಡದಲ್ಲಿ ಸಿದ್ದಕ್ಕ ಅಂತ ಒಬ್ಬಳು, ಅವಳಿಗೆ ಗವಿರಂಗ ಅಂತ ಒಬ್ಬನೇ ಮಗ. ಆಳು ನೋಡಿದ್ರೆ ಆನೆ. ಬುದ್ಧಿ? ಬಿಡಿ, ಹೆತ್ತೋಳಿಗೆ ಬೇಜಾರಾಗುತ್ತೆ. ಮಾತು ಕೇಳದ ಹುಡುಗ ಅಂತ ಮಾತ್ರ ಅನ್ನಬೇಡಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಅದೇ ತೊಂದರೆ! "ಹಾಲು ಉಕ್ಕುತ್ತೆ, ನೋಡ್ತಿರು" ಅಂದ್ರೆ, ಹಾಲು ಉಕ್ಕಿ ಒಲೆ ಆರೋ ತನಕ ನೋಡ್ತಿದ್ದ.

"ಅಯ್ಯೋ ನನ್ನ ಕರ್ಮವೇ! ಉಕ್ತಿದ್ದಾಗ ಇಳಿಸಬಾರದಾ?"

"ನೋಡು ಅಂದೆ, ಇಳಿಸು ಅನ್ನಲಿಲ್ಲವಲ್ಲ ಅವ್ವ!"

ಸಿದ್ದಕ್ಕನ ಅಕ್ಕ ನಿಂಗಕ್ಕ. ಬೆಟ್ಟದ ಮೇಲೆ, ಹಳೇ ಕೋಟೆಯೊಳಗಿನ ಹಟ್ಟಿಗೆ ಮದುವೆಯಾಗಿ ಹೋದೋಳು. ತಂಗಿ ಕೆಳಗೆ, ಅಕ್ಕ ಮೇಲೆ. ಇಬ್ಬರಿಗೂ ಮಂಡಿ ಹೋಗಿದೆ. ಇವಳಿಗೆ ಮೆಟ್ಟಿಲು ಹತ್ತೋಕಾಗಲ್ಲ, ಅವಳಿಗೆ ಇಳಿಯೋಕಾಗಲ್ಲ. ಹೊತ್ಕೊಂಡು ಹೋಗ್ತೀವಿ ಅಂದ್ರೆ ಇಬ್ಬರೂ ಒಂದೇ ಬೈಗುಳ ಬೈತಾರೆ: "ನಾನೇನು ಹೆಣವೇನ್ರೋ?" ಫೋನಿಲ್ವಾ ಅಂತೀರಾ? ಮೇಲೆ ಸಿಗ್ನಲ್ ಸಿಗಲ್ಲ ಕಣ್ರಪ್ಪಾ! ಹಂಗಾಗಿ ನಿಂಗಕ್ಕ ದಿನಾ ಬೆಳಿಗ್ಗೆ ಒಂದು ಕೆಂಪು ಸೀರೆ ಬಂಡೆ ಮೇಲೆ ಹರವೋಳು. ಸಿದ್ದಕ್ಕ ಕೆಳಗಿಂದ ನೋಡೋಳು. ಸೀರೆ ಕಂಡ್ರೆ ಅಕ್ಕ ಚೆನ್ನಾಗಿದಾಳೆ ಅಂತ. ಮುಖ ನೋಡದೆ ವರ್ಷಗಟ್ಟಲೆ ಆಗಿತ್ತು.

ಹ್ಞೂಂ ಅನ್ರೋ! ಹಾಂ, ಹಂಗೆ.

ಹಿಂಗಿರೋವಾಗ ಬೆಟ್ಟಕ್ಕೆ ರೋಪ್‌ವೇ ಬಂತು. ಹಗ್ಗದಲ್ಲಿ ಕುರ್ಚಿ ನೇತು ಹಾಕೋದು, ಕೂತೋರನ್ನ ಮೇಲಕ್ಕೆ ಎಳೆಯೋದು. ಊರೋರು ಅದಕ್ಕೆ ತೂಗುಕುರ್ಚಿ ಅಂತ ಹೆಸರಿಟ್ರು. ಕಂಬ ನಿಲ್ಲಿಸೋಕೆ ಮೇಸ್ತ್ರಿ ಓಬಳೇಶ ಬಂದ. ಸಿದ್ದಕ್ಕ ಮಗನ ಕೈ ಹಿಡ್ಕೊಂಡು ಅವನ ಮುಂದೆ ಹೋಗಿ ನಿಂತಳು.

"ಮೇಸ್ತ್ರಣ್ಣ, ಇವನನ್ನ ಕೆಲಸಕ್ಕೆ ಇಟ್ಕೋ. ನನಗೆ ಬೇರೇನೂ ಬೇಡ. ಕುರ್ಚಿ ಓಡೋ ದಿನ ನನ್ನ ಮೇಲಕ್ಕೆ ಕಳಿಸು. ಅಕ್ಕನ ಮುಖ ನೋಡಬೇಕು."

ಮೇಸ್ತ್ರಿಗೆ ಕರುಳು ಚುರ್ ಅಂತು. "ಆಗಲಿ ಸಿದ್ದಕ್ಕ. ಕೆಲಸ ಮುಗಿಯೋ ತನಕ ಇವನು ನಿಂತರೆ ಮೊದಲ ಕುರ್ಚಿ ನಿನ್ನದು. ಮಧ್ಯದಲ್ಲೇ ಇವನನ್ನ ಓಡಿಸೋ ಹಂಗೆ ಮಾಡಿದ್ರೆ ಮಾತ್ರ ನನ್ನ ಕೇಳಬೇಡ."

ಮೊದಲನೇ ದಿನ. "ಲೋ ಗವಿ, ಪೇಟೆಗೆ ಹೋಗಿ ಗ್ರೀಸ್ ತಗೋ, ತಲೆ ಮೇಲೆ ಹೊತ್ಕೊಂಡು ಬಾ" ಅಂದ ಮೇಸ್ತ್ರಿ. ಹೋದ, ತಗೊಂಡ, ಡಬ್ಬ ಅಂಗಡೀಲೇ ಬಿಟ್ಟ, ಗ್ರೀಸ್ ಅಷ್ಟನ್ನೂ ತಲೆ ಮೇಲೆ ಮೆತ್ಕೊಂಡ! ಸುಡುಬಿಸಿಲು. ಗ್ರೀಸ್ ಕರಗಿ ಹುಬ್ಬಿಗಿಳೀತು, ಮೂಗಿಗಿಳೀತು, ಹೊಟ್ಟೆಗಿಳೀತು.

"ಡಬ್ಬ ಎಲ್ಲೋ?"

"ಗ್ರೀಸ್ ಹೊರು ಅಂದ್ರಿ ಮೇಸ್ತ್ರೀ, ಡಬ್ಬ ಹೊರು ಅನ್ನಲಿಲ್ಲ!"

"ಥೂ ನಿನ್ನ! ಬಿಸಿಲಲ್ಲಿ ಸಾಮಾನು ತರೋವಾಗ ಒದ್ದೆ ಗೋಣಿತಾಟು ಸುತ್ತಬೇಕು, ದಾರಿಯುದ್ದಕ್ಕೂ ನೀರು ಚಿಮುಕಿಸ್ತಾ ತರಬೇಕು. ತಿಳೀತಾ?"

"ತಿಳೀತು ಮೇಸ್ತ್ರೀ!"

ಮಾರನೇ ದಿನ ಸಿಮೆಂಟು ತರೋಕೆ ಕಳಿಸಿದ್ರು. ನೋಡಿ ಮತ್ತೆ! ಗವಿರಂಗ ಗೋಣಿತಾಟು ಒದ್ದೆ ಮಾಡಿದ, ಮೂಟೆಗೆ ಸುತ್ತಿದ, ದಾರಿಯಲ್ಲಿ ಕಂಡ ಕೊಳಾಯಿ ಹತ್ರವೆಲ್ಲ ನಿಂತು ಮೂಟೆಗೆ ನೀರು ಕುಡಿಸಿದ. ಬೆಟ್ಟದ ಹತ್ರ ಬರೋ ಹೊತ್ತಿಗೆ ಮೂಟೆ ಹೋಗಿ ಬಂಡೆಯಾಗಿತ್ತು. ಮೊದಲೇ ಬಂಡೆಗೆ ಬರಗಾಲವಿಲ್ಲದ ಊರು!

"ಅಯ್ಯಯ್ಯೋ! ಟಾರ್ಪಾಲು ಹೊದಿಸಿ, ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ, ಗಾಳಿಯೂ ಆಡದ ಹಾಗೆ ತರಬೇಕು ಕಣೋ, ಶನಿ!"

"ಹಂಗೇ ಆಗಲಿ ಮೇಸ್ತ್ರೀ!"

ಆಮೇಲೆ ಪೇಟೆಯಿಂದ ಇಂಜಿನಿಯರ್ ಸಾಹೇಬರು ಕಂಬ ನೋಡೋಕೆ ಬಂದ್ರು. ಬಸ್‌ಸ್ಟ್ಯಾಂಡಿಂದ ಕರ್ಕೊಂಡು ಬರೋಕೆ ಹೋದೋನು ಯಾರು? ಬೇರೆ ಆಳುಗಳೆಲ್ಲ ಕಂಬದ ಮೇಲಿದ್ರು, ಏನು ಮಾಡೋದು! ಗವಿರಂಗ ಕೈಮುಗಿದ. ಟಾರ್ಪಾಲು ಹೊದಿಸಿದ. ಹಗ್ಗ ಬಿಗಿದ. ತಳ್ಳುಗಾಡಿ ಮೇಲೆ ಮಲಗಿಸಿ ತಂದ. ಮೇಸ್ತ್ರಿ ಗಂಟು ಬಿಚ್ಚಿದ್ರೆ ಒಳಗಿಂದ ಸಾಹೇಬರು! ಮುಖ ಬದನೇಕಾಯಿ ಆಗಿತ್ತು.

"ಯಾವನ್ರೀ ಇವನು!" ಅಂತ ಸಾಹೇಬರು.

"ಗಾಳಿ ಆಡಲಿಲ್ಲ ತಾನೇ ಸಾರ್?" ಅಂತ ನಮ್ಮೋನು.

ಆವತ್ತು ಮೇಸ್ತ್ರಿ "ನಾಳೆಯಿಂದ ಬರಬೇಡ" ಅಂದೇ ಬಿಟ್ಟ. ಸಿದ್ದಕ್ಕ ಕುಂಟ್ಕೊಂಡು ಓಡಿ ಬಂದಳು. "ಮೇಸ್ತ್ರಣ್ಣ, ಇದೊಂದು ಸಲ ಹೊಟ್ಟೆಗೆ ಹಾಕ್ಕೋ!" ಆಮೇಲೆ ಮಗನ ಕಿವಿ ಹಿಂಡಿದಳು. "ದೊಡ್ಡ ಮನುಷ್ಯರಿಗೆ ಹಂಗಾ ಮಾಡೋದು? ಕುರ್ಚಿ ಹಾಕಿ, ಎಳನೀರು ಕೊಟ್ಟು, ಪಕ್ಕದಲ್ಲೇ ನಡೀತಾ, ಚೆನ್ನಾಗಿ ಮಾತಾಡಿಸ್ಕೊಂಡು ಕರ್ಕೊಂಡು ಬರಬೇಕು!" ಅಷ್ಟು ಹೇಳಿ ಸೆರಗಲ್ಲಿ ಕಣ್ಣೊರೆಸ್ಕೊಂಡಳು. ಅವ್ವ ಅಳೋದು ಕಂಡು ಗವಿರಂಗನೂ ಅತ್ತ. ಪೆದ್ದನಾದ್ರೂ ಅವ್ವ ಅಂದ್ರೆ ಜೀವ.

ಮೇಸ್ತ್ರಿ ಕರಗಿ ಮತ್ತೆ ಇಟ್ಕೊಂಡ. ಮುಂದಿನ ಸಲ ಅವನ ಪಾಲಿಗೆ ಬಂದದ್ದು ಕತ್ತೆ. ಬೋಲ್ಟಿನ ಎರಡು ಚೀಲ ಹೇರಿ ಮೆಟ್ಟಿಲ ದಾರೀಲಿ ಮೇಲಕ್ಕೆ ಹೊಡ್ಕೊಂಡು ಹೋಗಬೇಕು. ಗವಿರಂಗ ಕತ್ತೆಗೆ ಕುರ್ಚಿ ಹಾಕಿದ. ಕೂರಲಿಲ್ಲ. "ಸಂಕೋಚ ಬೇಡಿ ಸಾರ್" ಅಂದ. ಎಳನೀರು ಕೆತ್ತಿ ಕೊಟ್ಟ. ಕುಡೀತು! ಪಕ್ಕದಲ್ಲೇ ನಡೀತಾ ಮಾತಾಡಿಸಬೇಕಲ್ಲ, ಚೀಲ ಅಡ್ಡ ಆಗುತ್ತೆ ಅಂತ ಎರಡೂ ಚೀಲ ಆಚೆ ಕಡೆಗೇ ಹೇರಿದ. "ಮನೇಲೆಲ್ಲ ಸೌಖ್ಯವಾ ಸಾರ್?" ಅಂತಿದ್ದ ಹಾಗೇ ಕತ್ತೆ ವಾಲಿತು, ದಬ್ ಅಂತ ಬಿತ್ತು. ಬೋಲ್ಟೆಲ್ಲ ಟಣಟಣ ಅಂತ ಮೆಟ್ಟಿಲಿಳಿದು ಮೇಸ್ತ್ರಿ ಕಾಲ ಬುಡಕ್ಕೇ ಬಂದು ನಿಂತವು.

ಮೇಸ್ತ್ರಿ ಬೈಯೋಕೆ ಬಾಯಿ ತೆಗೆದ. ಬೈಗುಳವೇ ಖಾಲಿ! ಸುಮ್ಮನೆ ಕೂತು ಚಿಕ್ಕ ಮಗೂಗೆ ಹೇಳೋ ಹಂಗೆ ಹೇಳಿದ. "ನೋಡು ಗವಿ. ತೂಕ ಸರಿ ಇರಬೇಕು. ಈ ಕಡೆ ಎಷ್ಟು ಹಾಕ್ತೀಯೋ ಆ ಕಡೆಯೂ ಅಷ್ಟೇ ಹಾಕಬೇಕು. ಒಂದೇ ಕಡೆ ಹಾಕಿದ್ರೆ ಬಿದ್ದೋಗುತ್ತೆ. ಸಾಯೋ ತನಕ ಮರೀಬೇಡ."

"ಮರೆಯಲ್ಲ ಮೇಸ್ತ್ರೀ!"

ಮರೀಲಿಲ್ಲ ಕಣ್ರಪ್ಪಾ. ಮರೆತಿದ್ರೆ ಕತೆ ಇಲ್ಲಿಗೇ ಮುಗೀತಿತ್ತು.

ಅಂತೂ ಇಂತೂ ಕಂಬ ನಿಂತವು, ಹಗ್ಗ ಏರಿತು. ಬಾವಿ ರಾಟೆ ಹಂಗೆ ಹಗ್ಗ ಸುತ್ತುತ್ತೆ. ಈ ಕಡೆ ಕುರ್ಚಿ ಹತ್ತುತ್ತವೆ, ಆ ಕಡೆ ಕುರ್ಚಿ ಇಳೀತವೆ. ಮರಳು ಮೂಟೆ ಕೂರಿಸಿ ಓಡಿಸಿ ನೋಡಿದ್ರು, ಸಾಹೇಬರು ಹ್ಞೂಂ ಅಂದ್ರು. ಮೇಸ್ತ್ರಿ ಮಾತು ತಪ್ಪೋನಲ್ಲ. ಸಿದ್ದಕ್ಕ ತಲೆ ಬಾಚಿ, ಹೂ ಮುಡಿದು, ಅಕ್ಕನಿಗೆ ಅಂತ ಸಜ್ಜೆ ರೊಟ್ಟಿ ಕಟ್ಕೊಂಡು ಬಂದು ಕುರ್ಚೀಲಿ ಕೂತಳು. ಮುಖ ಮದುವೆ ಹೆಣ್ಣಿನ ಹಂಗಿತ್ತು.

ಮೇಲೆ ಅವಳನ್ನ ಇಳಿಸ್ಕೊಳ್ಳೋಕೆ ಗವಿರಂಗನನ್ನೇ ನಿಲ್ಲಿಸಿದ್ರು. ಅವನ ಮುಂದೆ ಒಂದು ಕೆಂಪು ಗುಂಡಿ. ಒತ್ತಿದ್ರೆ ಹಗ್ಗ ನಿಲ್ಲುತ್ತೆ, ಬಿಟ್ಟರೆ ಓಡುತ್ತೆ. ಕೈಲೊಂದು ವಾಕಿಟಾಕಿ. ಪಕ್ಕದಲ್ಲೇ ನಿಂಗಕ್ಕ ಕೆಂಪು ಸೀರೆ ಹಿಡ್ಕೊಂಡು ಕಾಯ್ತಿದ್ದಳು.

"ಗವೀ, ನಿಮ್ಮವ್ವ ಕೂತಳು! ಅವ್ವ ನಿನ್ನ ದೊಡ್ಡವ್ವನ ಹತ್ರ ಬಂದ ತಕ್ಷಣ ಗುಂಡಿ ಒತ್ತು, ಬೇರೇನೂ ಮಾಡಬೇಡ!" ಅಂತ ಕೆಳಗಿಂದ ವಾಕಿಟಾಕೀಲಿ ಹೇಳಿದ ಮೇಸ್ತ್ರಿ.

ಅವ್ವ ಆ ಕಡೆ ಕೂತಳು! ಗವಿರಂಗ ಈ ಕಡೆ ನೋಡಿದ. ಯಾರೂ ಇಲ್ಲ! ಕತ್ತೆ ಬಿದ್ದದ್ದು ಕಣ್ಣಿಗೆ ಕಟ್ಟಿತು. "ಅಯ್ಯೋ, ನಮ್ಮವ್ವ ಬಿದ್ದೋಗ್ತಾಳೆ!" ಅಂದೋನೇ ದೊಡ್ಡವ್ವನನ್ನ ಕೋಳಿ ಎತ್ತಿದ ಹಂಗೆ ಎತ್ತಿ ಇಳಿಯೋ ಕುರ್ಚೀಲಿ ಕೂರಿಸಿ, ಅಡ್ಡಪಟ್ಟಿ ಹಾಕೇ ಬಿಟ್ಟ.

"ಲೋ! ಎಲ್ಲಿಗೋ ನನ್ನ ಕಳಿಸ್ತಿದೀಯಾ?"

"ತೂಕಕ್ಕೆ ದೊಡ್ಡವ್ವ, ತೂಕಕ್ಕೆ!"

ಕೆಳಗಿಂದ ಮೇಸ್ತ್ರಿ ನೋಡ್ತಾನೆ, ಹತ್ತೋ ಕುರ್ಚೀಲಿ ಒಂದು ಮುದುಕಿ, ಇಳಿಯೋ ಕುರ್ಚೀಲಿ ಇನ್ನೊಂದು! ಸರಿಯಾಗಿ ನಡುವೆ, ಎರಡು ಕುರ್ಚಿ ಅಕ್ಕಪಕ್ಕ ಬಂದವು. ಅವ್ವ ದೊಡ್ಡವ್ವನ ಹತ್ರ ಬಂದಳು ತಾನೇ? ಗವಿರಂಗ ಗುಂಡಿ ಒತ್ತಿದ. ಹಗ್ಗ ನಿಂತಿತು.

"ಅಕ್ಕಾ!"

"ಲೇ ಸಿದ್ದೀ! ಎಷ್ಟು ಸೊರಗಿದೀಯೇ!"

"ನಿನ್ನ ಹಲ್ಲೆಲ್ಲ ಎಲ್ಲಿ ಹೋದವೇ ಅಕ್ಕಾ?"

ಇಬ್ಬರೂ ಅತ್ತರು, ಆಮೇಲೆ ನಕ್ಕರು. ಕೈ ಚಾಚಿದ್ರೆ ಎಟುಕದು. ನಿಂಗಕ್ಕ ಕೆಂಪು ಸೀರೆಯ ಒಂದು ತುದಿ ಎಸೆದಳು, ಸಿದ್ದಕ್ಕ ಹಿಡ್ಕೊಂಡಳು. ಅವಳೊಂದು ತುದಿ, ಇವಳೊಂದು ತುದಿ.

"ಗುಂಡಿ ಬಿಡೋ ಮುಠ್ಠಾಳ!" ಅಂತ ವಾಕಿಟಾಕಿ ಬಡ್ಕೊಳ್ತು. ಬಿಟ್ಟ. ಸೀರೆ ಎಳೆದು ಎಳೆದು ಸಿದ್ದಕ್ಕನ ಕೈಲೇ ಉಳೀತು. ಅವಳು ಮೇಲೆ ಬಂದಳು, ಅಕ್ಕ ಕೆಳಗೆ ಹೋದಳು! ಇಷ್ಟು ದಿನ ತಂಗಿ ಕೆಳಗೆ ಅಕ್ಕ ಮೇಲೆ. ಈಗ ಅಕ್ಕ ಕೆಳಗೆ ತಂಗಿ ಮೇಲೆ!

"ಅಯ್ಯೋ ನನ್ನ ಕರ್ಮವೇ! ಅವಳನ್ನ ವಾಪಸ್ ಕರೆಸೋ!" ಅಂತ ಸಿದ್ದಕ್ಕ ಕಲ್ಲಿನ ಮೇಲೆ ಕೂತು ಮಂಡಿ ನೀವ್ಕೊಂಡಳು.

ಮೇಸ್ತ್ರಿ ತಾನೇ ಕೈ ಹಿಡಿದು ನಿಂಗಕ್ಕನನ್ನ ಹತ್ತೋ ಕುರ್ಚೀಲಿ ಕೂರಿಸಿದ. "ಗವೀ, ನಿನ್ನ ದೊಡ್ಡವ್ವ ಕೂತಳು!"

ದೊಡ್ಡವ್ವ ಆ ಕಡೆ ಕೂತಳು. ಈ ಕಡೆ? ಗವಿರಂಗ ಸುತ್ತ ನೋಡಿದ. ಅವ್ವನೇ ಕಂಡಳು.

"ಲೋ! ಲೋ, ಬೇಡ್ವೋ! ಇಳಿಸೋ ನನ್ನ!"

ಕೂರಿಸಿದ, ಪಟ್ಟಿ ಹಾಕಿದ, ಕಳಿಸಿದ. ನಡುವೆ ಬಂದ್ರು, ಗುಂಡಿ ಒತ್ತಿದ.

"ಮತ್ತೆ ಬಂದ್ಯೇನೇ ಸಿದ್ದೀ?"

"ಬಂದೆ ಕಣೇ ಅಕ್ಕಾ. ತಗೋ, ರೊಟ್ಟಿ ಹಿಡ್ಕೋ!"

ಸೀರೆ ತುದಿಗೆ ರೊಟ್ಟಿ ಗಂಟು ಕಟ್ಟಿ ಎಸೆದಳು. ಕೆಳಗೆ ಊರೋರೆಲ್ಲ ತಲೆ ಮೇಲೆತ್ತಿ ನಗ್ತಾ ನಿಂತ್ರು. ಮೇಸ್ತ್ರಿ "ಬಿಡೋ! ಬಿಡೋ!" ಅಂತ ಕೂಗಿದ. ಆಗ ಸಿದ್ದಕ್ಕ ಕುರ್ಚೀಲಿ ತಿರುಗಿ, ಬೆಟ್ಟ ಮಾರ್ದನಿ ಕೊಡೋ ಹಂಗೆ ಕೂಗಿದಳು.

"ಗವೀ! ನನ್ನ ಮಗನೇ! ನಾನು ಹೇಳೋ ತನಕ ಗುಂಡಿ ಬಿಡಬೇಡ್ವೋ!"

"ಆಯ್ತು ಅವ್ವಾ!"

ಹೇಳಿದ ಹಾಗೇ ಮಾಡೋ ಹುಡುಗ ಅಂದೆನಲ್ಲ? ಹೊತ್ತಿಳೀತು. ಮೇಸ್ತ್ರಿ ಕೂಗಿ ಕೂಗಿ ಗಂಟಲು ಬಿದ್ದು, ಮೆಟ್ಟಿಲು ಹತ್ತೋಕೆ ಶುರು ಮಾಡಿದ. ಸಿದ್ದಕ್ಕ ಅಕ್ಕನ ಹತ್ರ ಮಾತಾಡ್ತಾ ಮಾತಾಡ್ತಾ ಮಗನಿಗೆ ಹೇಳೋದೇ ಮರೆತಳು. ಅವಳು ಹೇಳಲಿಲ್ಲ, ಗವಿರಂಗ ಬೆರಳು ತೆಗೀಲಿಲ್ಲ.

ನೀವಿನ್ನು ಹ್ಞೂಂ ನಿಲ್ಲಿಸಿ, ಏಳಿ, ಉಣ್ಣೋಕೆ ಹೋಗಿ.