ಖಾಲಿ ಒಡ್ಡಿನ ನೀರುಗಂಟಿ

ಹಳ್ಳದ ಮಣ್ಣಿನ ಒಡ್ಡನ್ನು ಕಾಯುವುದು ನೀರುಗಂಟಿ ಮೈಲಾರಪ್ಪನ ಕೆಲಸ. ಜೋರು ಮಳೆ ಬಂದರೆ ಒಡ್ಡು ನೀರನ್ನು ತಡೆದು, ತೂಬಿನಿಂದ ನಿಧಾನವಾಗಿ ಕೆಳಕ್ಕೆ ಬಿಡುತ್ತಿತ್ತು. ಮಿಕ್ಕ ದಿನಗಳಲ್ಲಿ ಖಾಲಿಯಾಗಿ ಬಿದ್ದಿರುತ್ತಿತ್ತು.

ಪಂಚಾಯ್ತಿ ಅಧ್ಯಕ್ಷ ರುದ್ರಮುನಿಯಪ್ಪನವರಿಗೆ ಅದೇ ಅವಮಾನ. "ತೂಬು ಮುಚ್ಚಯ್ಯ. ಒಡ್ಡು ತುಂಬಲಿ. ಶಾಸಕರನ್ನು ಕರೆಸಿ ಬಾಗಿನ ಬಿಡಿಸ್ತೀನಿ," ಅಂದರು.

"ತುಂಬಿಸಿಟ್ಟರೆ ಮುಂದಿನ ಮಳೆಗೆ ಜಾಗ ಇರೋದಿಲ್ಲ ಸ್ವಾಮಿ. ನೀರು ಒಡ್ಡಿನ ತಲೆ ಮೇಲೆ ಹರಿದರೆ ಮಣ್ಣು ಕೊಚ್ಚಿ ಹೋಗ್ತದೆ."

"ನನಗೇ ಪಾಠ ಹೇಳ್ತೀಯ? ಹೇಳಿದಷ್ಟು ಮಾಡು."

ಮೈಲಾರಪ್ಪ ತಲೆಯಾಡಿಸಿ, ಸೀದಾ ಒಡ್ಡಿನ ಕೆಳಗಿನ ಕೇರಿಗೆ ಹೋದ.

ಬೆಳಿಗ್ಗೆ ಅಧ್ಯಕ್ಷರು ಬಾಗಿಲು ತೆರೆದರೆ ಅಂಗಳದ ತುಂಬ ಜನ, ಎಮ್ಮೆ, ಕೋಳಿಬುಟ್ಟಿ, ಗಂಟುಮೂಟೆ. ಒಬ್ಬ ಅಜ್ಜಿ ಆಗಲೇ ಜಗುಲಿಯಲ್ಲಿ ಚಾಪೆ ಹಾಸುತ್ತಿದ್ದಳು.

"ಏನಿದು?"

"ಒಡ್ಡಿನಲ್ಲಿ ಜಾಗ ಸಿಗದಿದ್ದರೆ ನೀರು ಇವರ ಕೇರಿಗೆ ಬರ್ತದೆ," ಮೈಲಾರಪ್ಪ ವಿನಯದಿಂದ ಹೇಳಿದ. "ಊರಿನಲ್ಲಿ ಎತ್ತರದ ಮನೆ ತಮ್ಮದೇ. ಮಳೆಗಾಲ ಮುಗಿಯೋವರೆಗೆ ಇಲ್ಲೇ ಇರ್ತಾರೆ. ತಾವು ಹೂಂ ಅಂದರೆ ಈಗಲೇ ತೂಬು ಮುಚ್ತೀನಿ."

ಒಂದು ಎಮ್ಮೆ ದಾಸವಾಳದ ಗಿಡಕ್ಕೆ ಬಾಯಿ ಹಾಕಿತು. ಅಧ್ಯಕ್ಷರು ಸಿಟ್ಟಿನಿಂದ ಅದನ್ನು ಅಟ್ಟಿದರು. "ತೂಬು ತೆರೆದೇ ಇರಲಿ," ಅಂದರು.

ನಾಲ್ಕನೇ ದಿನ ಮಳೆ ಹೊಡೆಯಿತು. ನೀರು ಒಡ್ಡಿನ ಕುತ್ತಿಗೆಯವರೆಗೆ ಏರಿ, ಮೆಲ್ಲಗೆ ಇಳಿಯತೊಡಗಿತು. ಅಧ್ಯಕ್ಷರು ಕೊಡೆ ಹಿಡಿದು ಒಡ್ಡಿನ ಮೇಲೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ಕೆಳಗಿನ ಕೇರಿಯತ್ತ ನೋಡಿ ಕೇಳಿದರು: "ಅಲ್ಲಿ ಎಷ್ಟು ಮನೆ ಇವೆ, ಮೈಲಾರಪ್ಪ?"

ಮೂರು ವರ್ಷದ ಅಧಿಕಾರದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು.