ಕೊನೆಯ ಮನೆಯ ಸೊನ್ನೆ

ನದೀತೀರದ ಆಶ್ರಮದಲ್ಲಿ ಸೋಮಶಂಭು ಗುರುಗಳು ಮರಳಿನ ಮೇಲೆ ಗಣಿತ ಕಲಿಸುತ್ತಿದ್ದರು. ಊಟದ ಪಂಕ್ತಿಯಲ್ಲಿ ಮೊದಲ ಎಲೆ ಅವರದು, ಕೊನೆಯ ಎಲೆ ಹೊನ್ನವ್ವನದು.

ಹೊನ್ನವ್ವ ನಡುವಯಸ್ಸಿನಲ್ಲಿ ಕಲಿಯಲು ಬಂದವಳು. ಬಾಗಿಲಲ್ಲಿ ಅಳುಕುತ್ತಾ ನಿಂತವಳಿಗೆ ಗುರುಗಳು ಎಲ್ಲರೆದುರು, "ಇಲ್ಲಿ ನಿನಗೊಂದು ಜಾಗ ಇದೆ" ಎಂದಿದ್ದರು. ಆ ಮಾತನ್ನೇ ನೆಚ್ಚಿಕೊಂಡು ಎರಡು ವರ್ಷ ಕಳೆದಿದ್ದಳು. ಲೆಕ್ಕ ಮಾತ್ರ ಅವಳಿಗೆ ಕಬ್ಬಿಣದ ಕಡಲೆಯಾಗಿಯೇ ಉಳಿದಿತ್ತು.

ಒಂದು ದಿನ ಬಟ್ಟೆಯ ಗಂಟು ಹಿಡಿದು ಬಂದು ನಿಂತಳು.

"ಊರಿಗೆ ಹೊರಟೆ ಗುರುಗಳೇ. ನೀವು ಕೊಟ್ಟ ಲೆಕ್ಕ ಉಳಿದವರೆಲ್ಲ ಬಿಡಿಸಿ ತಿಂಗಳಾಯ್ತು. ನನ್ನ ತಲೆಗೆ ಹತ್ತಲಿಲ್ಲ. ಇಲ್ಲಿ ನಾನೊಂದು ಸೊನ್ನೆ."

ಗುರುಗಳು ಬೇಡವೆನ್ನಲಿಲ್ಲ. ಮರಳಲ್ಲಿ ಸಾಲಾಗಿ ನಾಲ್ಕು ಮನೆ ಗೀಚಿದರು.

"ಹೋಗೋ ಮುಂಚೆ ಇನ್ನೊಂದು ಸಲ ನೋಡೋಣ. ಲೆಕ್ಕ ಏನಿತ್ತು?"

"ಮನೆಗೊಂದು ಅಂಕಿ ಬರೀಬೇಕು. ಒಟ್ಟು ಸೊನ್ನೆ ಎಷ್ಟಿವೆ ಅಂತ ಮೊದಲ ಮನೆ ಹೇಳಬೇಕು. ‘೧’ ಎಷ್ಟಿವೆ ಅಂತ ಎರಡನೇದು, ‘೨’ ಎಷ್ಟಿವೆ ಅಂತ ಮೂರನೇದು, ‘೩’ ಎಷ್ಟಿವೆ ಅಂತ ಕೊನೇದು."

"ಬರಿ."

ಹೊನ್ನವ್ವ ಬರೆದಳು: ೧, ೨, ೧. ಕೈ ನಿಂತಿತು. ಪ್ರತಿಸಲ ಅವಳು ಮುಗ್ಗರಿಸುತ್ತಿದ್ದುದೂ ಇಲ್ಲಿಯೇ.

"‘೧’ ಎರಡಿವೆ, ಸರಿ. ‘೨’ ಒಂದಿದೆ, ಅದೂ ಸರಿ. ಆದರೆ ಒಂದು ಸೊನ್ನೆ ಇದೆ ಅಂತಿದೆ ಮೊದಲನೇದು. ಎಲ್ಲಿದೆ ಸೊನ್ನೆ? ಶುದ್ಧ ಸುಳ್ಳು!"

ಅಳಿಸಲು ಚಾಚಿದ ಅವಳ ಕೈಯನ್ನು ಗುರುಗಳು ಹಿಡಿದುಕೊಂಡರು.

"ಕೊನೇ ಮನೆ ಯಾಕಮ್ಮ ಖಾಲಿ ಬಿಟ್ಟೆ?"

"‘೩’ ಇಲ್ಲವೇ ಇಲ್ಲ. ಇಲ್ಲದ್ದಕ್ಕೆ ಏನಂತ ಬರೀಲಿ?"

"ಇಲ್ಲ ಅಂತಲೇ ಬರಿ."

ಅವಳು ಕೊನೆಯ ಮನೆಯಲ್ಲಿ ಸೊನ್ನೆ ಸುತ್ತಿದಳು. ಮೊದಲ ಮನೆಯನ್ನು ನೋಡಿದಳು, ಮತ್ತೆ ಕೊನೆಯದನ್ನು. ಲೆಕ್ಕ ಕೂಡಿತ್ತು. ಒಂದು ಗಳಿಗೆ ಮಗುವಿನ ಹಾಗೆ ನಕ್ಕಳು. ಹಿಂದೆಯೇ ಕಣ್ಣು ತುಂಬಿ ಬಂತು.

"ಉಳಿದವರು ತಾವೇ ಬಿಡಿಸಿದರು. ನನಗೆ ನೀವು ಕೈ ಹಿಡಿದು ಬರೆಸಬೇಕಾಯ್ತು. ನಾನು ಸೊನ್ನೆಯೇ ಗುರುಗಳೇ."

ಅವಳು ಗಂಟನ್ನು ಎತ್ತಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆ ಬಂತು.

ಗುರುಗಳು ಆ ಗಂಟನ್ನು ಮೆಲ್ಲನೆ ಬಿಡಿಸಿಕೊಂಡು ತಮ್ಮ ಬಗಲಲ್ಲಿ ಇಟ್ಟುಕೊಂಡರು.

"ಇರಲಿ ತಾಯಿ, ಸೊನ್ನೆಯೇ ಆಗಿರು. ಆದರೆ ಕೊನೆಯಲ್ಲಿ ಕೂತ ಆ ಸೊನ್ನೆ ಎದ್ದು ಹೋದರೆ, ಮೊದಲಲ್ಲಿ ಕೂತವನ ಮಾತು ಸುಳ್ಳಾಗುತ್ತೆ."