ಆಚೆ ದಡಕ್ಕೆ ಬಿಟ್ಟ ಮರಿಗಳು

"ಗುರುಗಳೇ, ಇಷ್ಟೊಂದು ನಾಯಿಗಳು ಎಲ್ಲಿಂದ ಬಂದವು?"

ಕೇಳಿದವನು ಶಿಷ್ಯ ಕೊಟ್ರಯ್ಯ. ಮಠದಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಎಂಜಲೆಲೆ ಹಾಕುವ ಗುಂಡಿಯ ಬಳಿ ನಾಯಿಗಳು ಕಚ್ಚಾಡುತ್ತಿದ್ದವು. ಅವುಗಳನ್ನು ಓಡಿಸಿ ಓಡಿಸಿ ಅವನಿಗೆ ಸಾಕಾಗಿತ್ತು.

"ಓಡಿಸಿದರೆ ಮತ್ತೆ ಬರುತ್ತವೆ. ಊರವರು ವಿಷ ಹಾಕೋಣ ಎನ್ನುತ್ತಿದ್ದಾರೆ. ಈ ಸಂತತಿ ಹೀಗೆ ಬೆಳೆಯಲು ಕಾರಣವೇನು? ತಪ್ಪು ಯಾರದು?"

ಗುರುಗಳು ಅವನನ್ನು ಕುಳಿತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಜೋಳ, ಕಡಲೆ, ಹುರುಳಿ ಕೊಂಡು ಮಾರುತ್ತಿದ್ದ. ತೂಕದಲ್ಲಿ ಮೋಸವಿಲ್ಲದವನು, ಇರುವೆ ಕಂಡರೆ ಸುತ್ತು ಹಾಕಿ ನಡೆಯುವವನು ಎಂದು ಹೆಸರಾಗಿದ್ದ. ಅವನ ಉಗ್ರಾಣಕ್ಕೆ ಕಳ್ಳರ ಕಾಟ ಹೆಚ್ಚಿತು. ಕುರಿಹಟ್ಟಿಗೆ ಹೋಗಿ ಒಂದು ಹೆಣ್ಣುನಾಯಿಯನ್ನು ಕೇಳಿ ತಂದ. ಅದರ ಎಡಗಿವಿ ಹುಟ್ಟಿನಿಂದಲೇ ಮಡಿಚಿಕೊಂಡಿತ್ತು. ಕೆಂಚಿ ಎಂದು ಹೆಸರಿಟ್ಟ. ಕೆಂಚಿ ಬಂದ ಮೇಲೆ ಕಳ್ಳರು ಅತ್ತ ಸುಳಿಯಲಿಲ್ಲ.

ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ ಕೆಂಚಿ ಮರಿ ಹಾಕುತ್ತಿತ್ತು. ತೋಟದವರು, ಕುರಿಯವರು ಮರಿ ಕೇಳಿಕೊಂಡು ಬರುತ್ತಿದ್ದರು. ಮರಿಯನ್ನು ಎತ್ತಿ ಹೊಟ್ಟೆ ತಿರುಗಿಸಿ ನೋಡುವರು. ಗಂಡಾದರೆ ಕಂಬಳಿಯಲ್ಲಿ ಸುತ್ತಿಕೊಂಡು ಹೋಗುವರು. ಹೆಣ್ಣಾದರೆ ಕೆಳಗಿಟ್ಟು ಹೋಗುವರು. ಹೀಗೆ ಪ್ರತಿ ಸಲವೂ ಹೆಣ್ಣುಮರಿಗಳು ಮನೆಯಲ್ಲೇ ಉಳಿಯುತ್ತಿದ್ದವು.

ವ್ಯಾಪಾರಿಯ ಹೆಂಡತಿ ಹೇಳಿದಳು: "ಕೆಂಚಿ ಬೆದೆಗೆ ಬಂದಾಗ ನಾಲ್ಕು ದಿನ ಒಳಗೆ ಕಟ್ಟಿಹಾಕಿ. ಈ ಸಂಕಟವೇ ಇರುವುದಿಲ್ಲ."

"ಕಟ್ಟಿಹಾಕಿದರೆ ಉಗ್ರಾಣ ಕಾಯುವವರು ಯಾರು?"

"ಹಾಗಾದರೆ ಈ ಮರಿಗಳನ್ನು ಏನು ಮಾಡುತ್ತೀರಿ?"

"ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ?" ಎಂದ ವ್ಯಾಪಾರಿ.

ಕೊಲ್ಲಲು ಅವನಿಗೆ ಮನಸ್ಸಿರಲಿಲ್ಲ. ಸಾಕಲೂ ಮನಸ್ಸಿರಲಿಲ್ಲ. ಹೆಣ್ಣುಮರಿಗಳು ಅನ್ನ ನೆಕ್ಕುವಷ್ಟು ದೊಡ್ಡವಾದಾಗ ಅವುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ದೋಣಿ ಹತ್ತುತ್ತಿದ್ದ. ಆಚೆ ದಡದ ಊರಿನಲ್ಲಿ ಒಂದು ಛತ್ರವಿತ್ತು. ಅದರ ಹಿತ್ತಲಲ್ಲಿ ಮರಿಗಳನ್ನು ಇಳಿಸಿ, ಮುತ್ತುಗದ ಎಲೆಯ ಮೇಲೆ ಹಾಲನ್ನ ಹಾಕುತ್ತಿದ್ದ. ಅವು ತಿನ್ನುತ್ತಿರುವಾಗಲೇ ಹಿಂದಿರುಗಿ ನೋಡದೆ ದೋಣಿಗೆ ಬರುತ್ತಿದ್ದ. ಮನೆಯಲ್ಲಿ ಕೆಂಚಿ ಖಾಲಿ ಬುಟ್ಟಿಯನ್ನು ಮೂಸಿ ಮೂಸಿ ಹಿತ್ತಲೆಲ್ಲ ಹುಡುಕುತ್ತಿತ್ತು. 'ನಾನು ಕೊಂದಿಲ್ಲ, ಬದುಕಲು ಬಿಟ್ಟಿದ್ದೇನೆ' ಎಂದುಕೊಂಡು ವ್ಯಾಪಾರಿ ಸಮಾಧಾನದಿಂದ ಮಲಗುತ್ತಿದ್ದ.

ಆಚೆ ದಡದವರೂ ಕೆಟ್ಟವರಲ್ಲ. ಮರಿಗಳ ಕುಂಯ್‌ಗುಟ್ಟುವಿಕೆ ಕೇಳಲಾರದೆ ಯಾರೋ ರೊಟ್ಟಿ ಎಸೆದರು, ಯಾರೋ ಅಂಬಲಿ ಸುರಿದರು. ಅನ್ನ ಹಾಕುವವರು ಹಲವರಿದ್ದರು. ನನ್ನದು ಎನ್ನುವವರು ಒಬ್ಬರೂ ಇರಲಿಲ್ಲ. ಆ ಅನ್ನದಿಂದ ಮರಿಗಳು ಬದುಕಿದವು, ಬೆಳೆದವು, ತಾವೂ ಮರಿ ಹಾಕಿದವು. ಆ ಊರಿನಲ್ಲೂ ಗಂಡುಮರಿಗಳನ್ನೇ ಎತ್ತಿಕೊಂಡು ಹೋದರು. ಹೆಣ್ಣುಮರಿಗಳು ಬೀದಿಯಲ್ಲಿ ಉಳಿದವು.

ವರ್ಷಗಳು ಕಳೆದವು. ಛತ್ರದ ಎಂಜಲು ಸಾಲದಾಯಿತು. ಹಸಿದ ನಾಯಿಗಳು ಗುಂಪು ಕಟ್ಟಿದವು. ಮೊದಲು ಕೋಳಿಗಳು ಹೋದವು, ಆಮೇಲೆ ಕುರಿಮರಿಗಳು. ಒಂದು ದಿನ ಹೊಳೆಗೆ ಬಟ್ಟೆ ಒಗೆಯಲು ಬಂದವಳೊಬ್ಬಳು ಕೂಸನ್ನು ಮರದ ನೆರಳಲ್ಲಿ ಮಲಗಿಸಿದ್ದಳು. ನಾಯಿಗಳು ಅದರ ಮೇಲೆ ಬಿದ್ದವು. ಕೂಸು ಉಳಿಯಿತು. ಅದರ ಕೆನ್ನೆ ಮಾತ್ರ ಮೊದಲಿನಂತಾಗಲಿಲ್ಲ.

ಊರು ಇಬ್ಭಾಗವಾಯಿತು. ಎಲ್ಲವನ್ನೂ ಕೊಲ್ಲಬೇಕು ಎಂದರು ಕೆಲವರು. ಪಾಪ ಸುತ್ತಿಕೊಳ್ಳುತ್ತದೆ ಎಂದರು ಕೆಲವರು. ಜಗಳ ಬಗೆಹರಿಯಲಿಲ್ಲ. ಆಗ ಊರಗೌಡ, ಪೇಟೆಯ ವ್ಯಾಪಾರಿ ನ್ಯಾಯವಂತ, ಅವನು ಹೇಳಿದಂತೆ ಕೇಳೋಣ ಎಂದು ಕರೆಕಳುಹಿಸಿದ.

ವ್ಯಾಪಾರಿ ಹೊರಟ. ಕೆಂಚಿಗೆ ಆಗಲೇ ವಯಸ್ಸಾಗಿತ್ತು. ಆದರೂ ಅವನ ಹಿಂದೆಯೇ ಬಂದು ದೋಣಿಗೆ ಹಾರಿತು. ಅವನು ತಡೆಯಲಿಲ್ಲ.

ಚಾವಡಿಯಲ್ಲಿ ಊರೆಲ್ಲ ಸೇರಿತ್ತು. ಗಾಯಗೊಂಡ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅದರ ತಾಯಿ ಕಂಬಕ್ಕೆ ಒರಗಿ ಕುಳಿತಿದ್ದಳು. ವ್ಯಾಪಾರಿ ಎಲ್ಲರ ಮಾತು ಕೇಳಿ ತೀರ್ಪು ಹೇಳಿದ: "ತಪ್ಪು ನಿಮ್ಮದೇ. ಎಂಜಲನ್ನು ಬಯಲಿಗೆ ಚೆಲ್ಲುತ್ತೀರಿ. ಮುದ್ದು ಬಂದಾಗ ಅನ್ನ ಹಾಕುತ್ತೀರಿ, ಬೇಡವಾದಾಗ ಕಲ್ಲು ಹೊಡೆಯುತ್ತೀರಿ. ಜವಾಬ್ದಾರಿ ಮಾತ್ರ ಯಾರೂ ಹೊರುವುದಿಲ್ಲ. ಈಗ ಕೊಲ್ಲದೆ ಬೇರೆ ದಾರಿಯಿಲ್ಲ. ಕೂಸಿಗಿಂತ ನಾಯಿ ದೊಡ್ಡದಲ್ಲ."

ಜನ ತಲೆದೂಗಿದರು.

ಆ ಹೊತ್ತಿಗೆ ಹೊಳೆಯಲ್ಲಿ ನೀರು ಕುಡಿದು ಕೆಂಚಿ ಮೆಟ್ಟಿಲು ಹತ್ತಿ ಬಂತು. ವ್ಯಾಪಾರಿಯ ಪಾದದ ಬಳಿ ಮಲಗಿತು. ಜನ ಕೆಂಚಿಯನ್ನು ನೋಡಿದರು. ಚಾವಡಿಯ ಎದುರಿನ ಬಯಲಿನಲ್ಲಿ ಬಿದ್ದುಕೊಂಡಿದ್ದ ನಾಯಿಗಳನ್ನು ನೋಡಿದರು. ಅವುಗಳ ಬಣ್ಣ ಬೇರೆ ಬೇರೆ. ಆದರೆ ಮಡಿಚಿದ ಎಡಗಿವಿ ಒಂದಕ್ಕಲ್ಲ, ಎರಡಕ್ಕಲ್ಲ, ಬಹಳಷ್ಟಕ್ಕೆ ಇತ್ತು. ಜನರ ಕಣ್ಣು ಹೋದಲ್ಲಿ ವ್ಯಾಪಾರಿಯ ಕಣ್ಣೂ ಹೋಯಿತು.

ತಾಯಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡು ವ್ಯಾಪಾರಿಯ ಮುಖವನ್ನೇ ನೋಡಿದಳು. ಗೌಡ ನೆಲ ನೋಡುತ್ತಾ, "ಬಿಸಿಲೇರಿತು, ಸಾಹುಕಾರರೇ. ಊಟಕ್ಕೆ ಏಳಿ" ಎಂದ.

ಇವರು ನನ್ನ ಮಾನ ಕಾಯುತ್ತಿದ್ದಾರೆ ಎಂದು ವ್ಯಾಪಾರಿಗೆ ತಿಳಿಯಿತು. ಇವು ನನ್ನವು ಎನ್ನಲು ಬಾಯಿ ತೆರೆದ. ಆದರೆ ಹೇಳದೆಯೇ ಎದ್ದು ಊಟಕ್ಕೆ ಹೋದ. ಗೌಡನ ಮನೆಯವರು ಅವನಿಗೆಂದು ಹೋಳಿಗೆ ಮಾಡಿದ್ದರು. ಮತ್ತೊಂದು ಹಾಕಲೇ ಎಂದು ಕೇಳಿದಾಗ ಅವನಿಗೆ ತಲೆಯೆತ್ತಲೂ ಆಗಲಿಲ್ಲ.

ಅವನು ಹೇಳಿದಂತೆಯೇ ನಡೆಯಿತು. ಮರುದಿನ ಆಚೆಯಿಂದ ಗಾಳಿ ಬೀಸಿದಾಗ ನಾಯಿಗಳ ಕೂಗು ಈಚೆ ದಡಕ್ಕೂ ಕೇಳಿಸಿತು. ಕೆಂಚಿ ನೀರಿನ ಅಂಚಿಗೆ ಹೋಗಿ ಕತ್ತೆತ್ತಿ ನಿಂತಿತು. ಕೂಗು ನಿಂತ ಮೇಲೂ ಅಲ್ಲೇ ನಿಂತಿತ್ತು. ವ್ಯಾಪಾರಿ ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕೆಂಚಿ ಕೊನೆಯ ಸಲ ಹಾಕಿದ ಮರಿಗಳಲ್ಲಿ ಹೆಣ್ಣುಗಳನ್ನೆಲ್ಲ ಅವನು ಮನೆಯಲ್ಲೇ ಉಳಿಸಿಕೊಂಡ. ಬೆದೆಯ ಕಾಲದಲ್ಲಿ ಅವುಗಳನ್ನು ಒಳಗೆ ಕಟ್ಟಿ, ಉಗ್ರಾಣದ ಮುಂದೆ ತಾನೇ ಚಾಪೆ ಹಾಸಿ ಮಲಗಿದ. ಕಾರಣ ತಿಳಿಯದ ಪೇಟೆಯವರು, "ಎಂಥ ಕರುಣೆ! ಹೆಣ್ಣುನಾಯಿಗಳನ್ನೂ ಸಾಕುತ್ತಾನೆ" ಎಂದು ಹೊಗಳಿದರು. ಹೊಗಳಿಕೆ ಕೇಳಿದಾಗಲೆಲ್ಲ ಅವನು ಅಲ್ಲಿಂದ ಎದ್ದು ಹೋಗುತ್ತಿದ್ದ.

ಹೊಗಳಿಕೆ ಹಳ್ಳಿಗಳಿಗೂ ಹರಡಿತು. ಒಂದು ಮುಂಜಾನೆ ಅವನು ಕದ ತೆರೆದಾಗ ಒಬ್ಬ ರೈತ ಹೊಸ್ತಿಲ ಬಳಿ ಬುಟ್ಟಿ ಇಳಿಸುತ್ತಿದ್ದ. ಬುಟ್ಟಿಯಲ್ಲಿ ಹೆಣ್ಣುಮರಿಗಳಿದ್ದವು. ಪಕ್ಕದಲ್ಲಿ ಎಲೆಯ ಮೇಲೆ ಹಾಲನ್ನವಿತ್ತು.

"ಕೊಲ್ಲಲು ಮನಸ್ಸು ಬರಲಿಲ್ಲ, ಸಾಹುಕಾರರೇ," ಎಂದ ರೈತ. "ನಿಮ್ಮಂಥ ಪುಣ್ಯವಂತರ ಬಾಗಿಲಲ್ಲಿ ಬಿಟ್ಟರೆ ಹೇಗೋ ಬದುಕಿಕೊಳ್ಳುತ್ತವೆ."

ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಬೈಯುವ ಯೋಗ್ಯತೆ ತನಗೆಲ್ಲಿದೆ? ರೈತನ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿಕೊಂಡ. ಛತ್ರದ ಹಿತ್ತಲು, ಕೂಸಿನ ಕೆನ್ನೆ, ಚಾವಡಿಯ ತೀರ್ಪು, ಯಾವುದನ್ನೂ ಮುಚ್ಚಿಡದೆ ಹೇಳಿದ. ಹೆಂಡತಿಗೂ ಹೇಳದಿದ್ದ ಮಾತುಗಳವು. ಒಳಗಿನಿಂದ ಅವಳೂ ಕೇಳಿಸಿಕೊಂಡಳು.

ರೈತ ಎಲ್ಲವನ್ನೂ ಕೇಳಿದ. ಆಮೇಲೆ ಬುಟ್ಟಿಯನ್ನು ತಲೆಗೇರಿಸಿಕೊಂಡು ಬಂದ ದಾರಿಯಲ್ಲೇ ಹೊರಟ. ಮರಿಗಳನ್ನು ಮನೆಗೆ ಒಯ್ದನೋ, ಮತ್ತೊಬ್ಬರ ಬಾಗಿಲಿಗೆ ಒಯ್ದನೋ ತಿಳಿಯದು.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು, ಗುರುಗಳೇ," ಎಂದ ಕೊಟ್ರಯ್ಯ. "ತಪ್ಪು ಆ ವ್ಯಾಪಾರಿಯದು."

ಗುರುಗಳು ಕೇಳಿದರು: "ನಿಮ್ಮ ಮನೆಯ ನಾಯಿ ಹಾಕಿದ ಹೆಣ್ಣುಮರಿಗಳು ಈಗ ಎಲ್ಲಿವೆ, ಕೊಟ್ರಯ್ಯ?"